ತಲೆಕೆಳಗಾದ ಹೂವು

ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಎದುರಿಗೆ ನಿಂತ ಕಾಲೇಜು ಹುಡುಗನ ಬೆಲ್ ಬಾಟಮ್ ಕಂಡು ಮಂಚಮ್ಮ ಎಲೆಯಡಿಕೆ ಜಗಿಯುವುದನ್ನೇ ಮರೆತಳು. ಮಂಡಿಯ ಕೆಳಗೆ ಪ್ಯಾಂಟನ್ನು ಸೀಳಿ, ಎರಡೂ ಕಾಲಿಗೆ ಹೂವಿನ ಬಟ್ಟೆಯ ಮೂರು ಮೂಲೆಯ ತುಂಡು ಸೇರಿಸಿದ್ದರು. ಬಲಗಾಲಿನ ಹೂವು ನೆಟ್ಟಗಿತ್ತು, ಎಡಗಾಲಿನದು ತಲೆಕೆಳಗಾಗಿತ್ತು.

ಅವಳು ಗಂಡ ಚಿಕ್ಕಮಾದುವಿಗೆ ಹೊಲಿದುಕೊಟ್ಟದ್ದೂ ಥೇಟ್ ಹೀಗೆಯೇ. ಯಾರೋ ಕೊಟ್ಟ ಹಳೆಯ ಬಿಗಿ ಪ್ಯಾಂಟು ಅವನ ಮೀನಖಂಡಕ್ಕೆ ಹತ್ತದೆ ಹೋದಾಗ, ತನ್ನ ಹರಿದ ಹೂವಿನ ಸೀರೆಯ ತುಂಡು ಹಾಕಿ ಅಗಲ ಮಾಡಿದ್ದಳು. ಬಟ್ಟೆ ಸಾಲದ್ದರಿಂದ ಎಡಗಾಲಿನ ತುಂಡನ್ನು ತಿರುಗಿಸಿ ಕತ್ತರಿಸದೆ ಗತಿಯಿರಲಿಲ್ಲ. ಮದ್ದೂರಿನ ಮಂಡಿಯಲ್ಲಿ ಬೆಲ್ಲದ ಮೂಟೆ ಹೊರುವ ಚಿಕ್ಕಮಾದು, “ಊರೋರೆಲ್ಲ ನನ್ ಕಾಲೇ ನೋಡ್ತಾರೆ ಕಣಮ್ಮಿ” ಎಂದು ದಿನಾ ಗೊಣಗುತ್ತಿದ್ದ. ಈಗಲೂ ಅದೇ ಪ್ಯಾಂಟು ತೊಟ್ಟು ಅವಳ ಪಕ್ಕದಲ್ಲಿ, ಎಡಗಾಲಿಗೆ ಚೀಲ ಅಡ್ಡ ಇಟ್ಟುಕೊಂಡು ಬೆಸಗರಹಳ್ಳಿ ಬಸ್ಸಿಗೆ ಕಾಯುತ್ತಿದ್ದ.

ಮಂಚಮ್ಮನಿಗೆ ತಡೆಯಲಾಗಲಿಲ್ಲ. ಹುಡುಗನ ಹತ್ತಿರ ಹೋಗಿ, “ಎಡಗಾಲಿಂದು ತಿರುಗ್ಬುಟ್ಟದಲ್ಲಪ್ಪ, ಯಾರು ಒಲ್ದೋರು?” ಎಂದಳು.

“ಅದು ಅಂಗೇ ಇರ್ಬೇಕು ಕಣಮ್ಮ. ಬೊಂಬಾಯಿ ಫ್ಯಾಸನ್ನು. ಎಲ್ಡೂ ನೆಟ್ಟಗಿದ್ರೆ ಕಾಲೇಜಲ್ಲಿ ಯಾರೂ ಕಣ್ಣೆತ್ತಿ ನೋಡಕಿಲ್ಲ.”

ಅವಳು ಬಗ್ಗಿ ಆ ಹೂವಿನ ಮೇಲೆ ಬೆರಳಾಡಿಸಿದಳು. ನಿಜಕ್ಕೂ ತಿಳಿದುಕೊಳ್ಳಬೇಕೆನಿಸಿ ಕೇಳಿದಳು: “ಅಂಗಾರೆ ಬೊಂಬಾಯೋರ್ಗೂ ಸೀರೆ ಸಾಲ್ದೆ ಓಯ್ತಾ?”

ಹುಡುಗ ಬಗ್ಗಿ ತನ್ನ ಎಡಗಾಲನ್ನೇ ನೋಡಿಕೊಂಡ. ಅವಳ ಹಿಂದೆ ಚಿಕ್ಕಮಾದು ಸದ್ದಿಲ್ಲದೆ ಚೀಲವನ್ನು ಎತ್ತಿ ಆಚೆಗಿಟ್ಟು, ಎಡಗಾಲನ್ನು ಒಂದಿಷ್ಟು ಮುಂದೆ ಚಾಚಿದ.