ಹೀರೋನ ಅಣ್ಣನ ಪಾತ್ರ

ಸುಮಾಳ ಸೀಮಂತಕ್ಕೆ ಬಂದ ಹೆಂಗಸರು ಹಸಿರು ಬಳೆ ತೊಟ್ಟು ಮುಗಿಸಿ ಟಿವಿಯ ಮುಂದೆ ಕುಳಿತರು. ಈ ಮನೆಯ ಅಳಿಯ ಬೀರೇಶ್ ಪಾತ್ರ ಮಾಡಿದ ಸಿನಿಮಾ ಮೊಬೈಲ್ ಆ್ಯಪ್‌ನಲ್ಲಿ ಬಂದಿತ್ತು. ಸುಮಾಳ ತಮ್ಮ ಕನಕರಾಜ್ ಅವತ್ತೇ ಚಂದಾ ಕಟ್ಟಿ, ಶ್ರೀರಾಂಪುರದ ಅಂಗಡಿಯಿಂದ ಗೇಣುದ್ದದ ವೈರು ತಂದು, ಫೋನನ್ನು ಟಿವಿಯ ಹಿಂದೆ ಸಿಕ್ಕಿಸುತ್ತಿದ್ದ. ಬೀರೇಶ್ ಬಾಗಿಲ ಬಳಿ ನಿಂತು ಬೆವರುತ್ತಿದ್ದ.

ಹೆಂಡತಿ ಬಸುರಿಯಾದವನು ಹೆಣಕ್ಕೆ ಹೆಗಲು ಕೊಡಬಾರದು ಎನ್ನುವ ಮನೆ ಅದು. ಇವನೋ, ಸುಮಾಗೆ ಮೂರು ತಿಂಗಳಿದ್ದಾಗ ಹಿರಿಯೂರಿನ ಹತ್ತಿರದ ಶೂಟಿಂಗ್‌ನಲ್ಲಿ ಎರಡು ದಿನ ತಾನೇ ಹೆಣವಾಗಿ ಮಲಗಿ ಬಂದಿದ್ದ. ಸಿನಿಮಾ ಶುರುವಾಗುವುದೇ ಆ ಹೆಣದಿಂದ. ಅತ್ತೆ ಗಿರಿಯಮ್ಮ ಕೇಳಿದಾಗ, ಅವರೊಬ್ಬರಿಗೆ "ಹೀರೋನ ಅಣ್ಣನ ಪಾತ್ರ" ಎಂದು ಹೇಳಿ ಜಾರಿಕೊಂಡಿದ್ದ. ಸುಳ್ಳೇನಲ್ಲ. ಅಣ್ಣ ಸತ್ತಿದ್ದ, ಅಷ್ಟೇ. ಈಗ ಏಳು ತಿಂಗಳ ಬಸುರಿ, ಮೂಗಿಗೆ ಹತ್ತಿ ಇಟ್ಟ ಗಂಡನನ್ನು ನೋಡಿ ಎದೆ ಒಡೆದುಕೊಂಡರೆ ಗತಿ ಏನು?

ಟಿವಿ ಹತ್ತಿಕೊಂಡಿತು. ಸದ್ದು ಬಂತು, ಪರದೆ ಮಾತ್ರ ಕಪ್ಪಗೇ ಇತ್ತು.

"ಸದ್ದೈತೆ, ಚಿತ್ರ ಎಲ್ಲೋ?" ಎಂದಳು ಸೋದರತ್ತೆ ಕಾಳಕ್ಕ.

"ಯಾರಾನ ಕಾಪಿ ಮಾಡ್ಕಂತಾರೆ ಅಂತ ಲಾಕ್ ಹಾಕಿರ್ತಾರೆ ಅತ್ತೆ. ಈ ವೈರು ಅದಕ್ಕೆ ಒಪ್ಪಿಗೆ ಇಲ್ಲ ಅಂತ ಕಾಣ್ತೈತೆ. ದುಡ್ಡು ಕಟ್ಟಿದೋನ್ನೂ ಕಳ್ಳ ಅನ್ನಂಗಾತು" ಎಂದ ಕನಕರಾಜ್.

ಬೀರೇಶನಿಗೆ ಹೋದ ಜೀವ ಬಂದಂತಾಯಿತು. ಲಾಕ್ ಹಾಕಿದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿದ. ಆದರೆ ಸದ್ದಿಗೆ ಲಾಕ್ ಇರಲಿಲ್ಲ. ಕಪ್ಪು ಪರದೆಯೊಳಗೆ ಯಾರೋ ಗೋಳಿಟ್ಟರು. "ಅಣ್ಣಾ, ಒಂದ್ಸಲ ಕಣ್ಣು ಬಿಡಣ್ಣಾ" ಎಂದು ಹೀರೋ ಬಿಕ್ಕಿದ.

"ಬೀರೇಶಪ್ಪನ ಮಾತು ಯಾವಾಗ ಬರ್ತೈತೆ?" ಎಂದಳು ಕಾಳಕ್ಕ.

ಗಿರಿಯಮ್ಮ ನಿಧಾನಕ್ಕೆ ತಿರುಗಿ ಅಳಿಯನ ಮುಖ ನೋಡಿದರು. ಅವನು ತಲೆ ತಗ್ಗಿಸಿದ.

"ತಡೀರಿ, ವೈರು ಕಿತ್ತು ಫೋನಾಗೇ ತೋರಿಸ್ತೀನಿ" ಎಂದ ಕನಕರಾಜ್ ಫೋನನ್ನು ಹೊರಗೆಳೆದ. ಎಲ್ಲರಿಗಿಂತ ಮೊದಲು ಸುಮಾ ಕೈ ಚಾಚಿದಳು.

ಫೋನು ಅವಳಿಗೆ ಸಿಗಲಿಲ್ಲ. ಗಿರಿಯಮ್ಮ ನಡುವೆಯೇ ಕಸಿದುಕೊಂಡು, ಅದರ ಕಡೆ ನೋಡದೆ ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಅಂಗೈಯಗಲದಾಗೆ ಏನ್ ಕಾಣ್ತೈತೆ. ಹೋಳಿಗೆ ಆರ್ತಾವೆ, ಊಟಕ್ಕೇಳ್ರಿ ಎಲ್ಲಾರೂ."

ಹೆಂಗಸರು ಎಲೆಯ ಮುಂದೆ ಕುಳಿತ ಮೇಲೆ ಗಿರಿಯಮ್ಮ ಅಳಿಯನನ್ನು ಅಡುಗೆಮನೆಗೆ ಕರೆದರು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅವನ ತಲೆಯಿಂದ ಕಾಲಿನವರೆಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದರು.

"ಅತ್ತೇ, ಅದು..." ಎಂದ ಬೀರೇಶ್.

"ಸುಮ್ಕಿರ್ರಿ. ಮುಂದ್ಲ ಸಲ ಎದ್ದು ನಿಂತಿರೋ ಪಾತ್ರ ಕೇಳ್ರಿ."