ಗಾಡಿ ಮಾರಲ್ಲ

ಹೆಣ್ಣು ನೋಡಲು ಬಂದಿದ್ದ ಗಂಡಿನ ತಂದೆ ಉಪ್ಪಿಟ್ಟು ಮುಗಿಸಿ, ಅಂಗಳದಲ್ಲಿ ನಿಂತಿದ್ದ ಹಳೆಯ ಪಿಕಪ್ಪಿನ ಕಡೆ ಕೈ ತೋರಿಸಿದರು.

"ಮದ್ವೆಗೆ ಮುಂಚೆ ಆ ಗುಜರೀನ ಮಾರ್‌ಬಿಡಿ. ನಮ್ಮ ಸೊಸೆ ಟೊಮೆಟೊ ಲೋಡ್ ಹೊಡೀತಾಳೆ ಅಂತ ಜನ ಆಡ್ಕೊಳ್ಳೋದು ಬೇಡ."

ಅಪ್ಪನಿಗೆ ಲಕ್ವ ಹೊಡೆದ ಮೇಲೆ ಪ್ರಮೀಳಳೇ ಆ ಗಾಡಿ ಓಡಿಸಿ ಮನೆ ನಡೆಸುತ್ತಿದ್ದಳು. ಆಯಿಲ್ ಬದಲಿಸುವುದರಿಂದ ಹಿಡಿದು ಬ್ರೇಕ್ ಬಿಗಿ ಮಾಡುವವರೆಗೆ ಎಲ್ಲವೂ ಅವಳದೇ ಕೆಲಸ. ಸುಮ್ಮನಿರು ಎಂದು ಅಮ್ಮ ಕಣ್ಣಲ್ಲೇ ಗದರಿದಳು.

"ಗಾಡಿ ಮಾರಲ್ಲ," ಎಂದಳು ಪ್ರಮೀಳ.

"ಹಂಗಾದ್ರೆ ಈ ಸಂಬಂಧಾನೇ ಬೇಡ."

"ಬೇಡ ಬಿಡಿ. ನಮಗೆ ಅನ್ನ ಹಾಕಿದ ಗಾಡಿ ಅದು. ನಿಮ್ಮ ಮರ್ಯಾದೆಗೋಸ್ಕರ ಗುಜರಿಗೆ ಹಾಕಲ್ಲ."

ಗಂಡಿನ ತಂದೆ ಸಿಟ್ಟಿನಿಂದ ಎದ್ದುಹೋಗಿ ತಮ್ಮ ಕಾರು ಹತ್ತಿದರು. "ಬಾರೋ!" ಎಂದು ಮಗನನ್ನು ಕೂಗಿದರು.

ಅಷ್ಟು ಹೊತ್ತೂ ಅಪ್ಪನ ಪಕ್ಕದಲ್ಲಿ ಕೂತಿದ್ದ ಹುಡುಗ ಹೊರಗೆ ಬಂದು, ಕಾರನ್ನು ದಾಟಿ ಹೋಗಿ, ಪಿಕಪ್ಪಿನಲ್ಲಿ ಡ್ರೈವರ್ ಪಕ್ಕದ ಸೀಟಿಗೆ ಹತ್ತಿ ಕುಳಿತ.

"ನೀವು ನಡೀರಿ ಅಪ್ಪ. ನಾನು ಇವರ ಗಾಡೀಲಿ ಬರ್ತೀನಿ."

ಪ್ರಮೀಳ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟೀರಿಂಗ್ ಹಿಡಿದಳು.

"ಕೂತ್ರೆ ಆಗಲ್ಲ ರೀ. ಇಳಿದು ತಳ್ಳಿ, ಆಗ್ಲೇ ಸ್ಟಾರ್ಟ್ ಆಗೋದು."