ಶೋರೂಮಿಗೇ ಹೋಗ್ರಿ

ಸೊಸೈಟಿ ಚುನಾವಣೆಯಲ್ಲಿ ಗ್ಯಾರೇಜಿನ ಮಹಾರುದ್ರ ಮನೆಮನೆಗೆ ತಿರುಗಿ ತನ್ನನ್ನು ಸೋಲಿಸಿದ್ದನ್ನು ಸಂಗನಗೌಡ ಮರೆಯಲಿಲ್ಲ. ಅಂದಿನಿಂದ ಕಾರಿದ್ದವರು ಯಾರೇ ಸಿಕ್ಕರೂ ಅವನದು ಒಂದೇ ಮಾತು: "ಆ ಗ್ಯಾರೇಜಿನ್ಯಾಗ ಬರೇ ಡುಪ್ಲಿಕೇಟ್ ಸಾಮಾನು ಹಾಕ್ತಾನ್ರಿ. ಜೀವದ ಮ್ಯಾಲೆ ಆಸೆ ಇದ್ರ ಶೋರೂಮಿಗೇ ಹೋಗ್ರಿ."

ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು. ಊರು ಮಾತ್ರ ನಂಬಿತು. ಬರುವ ಕಾರುಗಳು ಕಡಿಮೆಯಾಗುತ್ತ ಹೋಗಿ, ಕಡೆಗೆ ಗ್ಯಾರೇಜಿನ ಶಟರ್ ಕೆಳಗಿಳಿದು ಮತ್ತೆ ಮೇಲೇಳಲಿಲ್ಲ. ಆ ದಿನ ಸಂಗನಗೌಡ ಮನೆಯಲ್ಲಿ ಹೋಳಿಗೆ ಮಾಡಿಸಿ, ಹೊಟ್ಟೆ ತಣ್ಣಗಾಗುವಷ್ಟು ಉಂಡ.

ಬೇಸಿಗೆಯಲ್ಲಿ ಮಗಳು, ಮೊಮ್ಮಕ್ಕಳನ್ನು ಗೋಕರ್ಣಕ್ಕೆ ಕರೆದೊಯ್ಯಬೇಕಿತ್ತು. ಅದಕ್ಕೆಂದು ಕಾರನ್ನು ಶೋರೂಮಿಗೆ ಸರ್ವಿಸಿಗೆ ಬಿಟ್ಟ. ಸಂಜೆ ಕಾರು ತರಲು ಹೋದಾಗ ಕೌಂಟರಿನ ಹುಡುಗಿಯನ್ನು ಕೇಳಿದ:

"ನಾಳೆ ಘಟ್ಟ ಇಳಿಯೋದೈತಿ. ಬ್ರೇಕ್ ಛಲೋ ನೋಡ್ಯಾರಿಲ್ಲೋ?"

"ನಮ್ಮ ಹೊಸ ಹೆಡ್ ಮೆಕ್ಯಾನಿಕ್ಕೇ ನೋಡ್ಯಾರ್ರಿ ಸರ್. ನಿಮ್ಮ ಗಾಡಿ ಅಂತ ಗೊತ್ತಾದ ಕೂಡ್ಲೆ ಬ್ಯಾರೆ ಯಾರಿಗೂ ಮುಟ್ಟಾಕ ಬಿಡ್ಲಿಲ್ಲ."

ಅಷ್ಟರಲ್ಲಿ ನೀಲಿ ಸಮವಸ್ತ್ರದ ಮಹಾರುದ್ರ ಒಳಗಿನಿಂದ ಬಂದು, ಕಾರಿನ ಕೀಲಿಯನ್ನು ಸಂಗನಗೌಡನ ಅಂಗೈಯಲ್ಲಿಟ್ಟು ನಕ್ಕ.

"ಘಟ್ಟದಾಗ ಸಾವಕಾಶ ಹೋಗ್ರಿ, ಗೌಡ್ರ."